ಇಂಗ್ಲಿಷ್ ಬರ್ತದೇನು? ಒಂದು ಬಾಗಿಲಿನ ಕಥಿ

ಪೋಸ್ಟ್ 1

ಹೋದ ವಾರ ಒಂದು ಮೆಸೇಜ್ ಬಂತು. ನಮ್ಮ ಹುಕ್ಕೇರಿ ಹುಡುಗಿ, ಈ ವರ್ಷ ಸೆಕೆಂಡ್ ಪಿಯು ಕಾಮರ್ಸ್. "ಅಕ್ಕಾ, ಕ್ರಿಶ್ಚಿಯನ್ ಯೂನಿವರ್ಸಿಟಿ ಒಂದಕ್ಕ ಬಿಕಾಂ ಫಾರ್ಮ್ ತುಂಬಬೇಕಂತ ಮಾಡೀನಿ. ಆದ್ರ ಹತ್ತನೇತ್ತ ತನಕ ನಂದು ಕನ್ನಡ ಮೀಡಿಯಂ. ಅಲ್ಲಿ ಇಂಗ್ಲಿಷ್ ಪರೀಕ್ಷೆ ಇರ್ತದಂತ. ನಮ್ಮಂಥವ್ರನ್ನ ತಗೋತಾರೇನು? ಫೀ ಕಟ್ಟಿ ರೊಕ್ಕ ದಂಡ ಆಗೂದು ಬ್ಯಾಡ."

"ತುಂಬು" ಅಂತ ಬರೆದೆ. ಅಳಿಸಿದೆ. "ವಿಚಾರ ಮಾಡು" ಅಂತ ಬರೆದೆ. ಅದನ್ನೂ ಅಳಿಸಿದೆ.

ಯಾಕಂದ್ರ ಎರಡು ವರ್ಷದ ಹಿಂದೆ ನಾನೂ ತುಂಬಿದ್ದೆ. ಇದನ್ನ ನಮ್ಮ ಕ್ಲಾಸಿನವರಿಗೆ ಯಾರಿಗೂ ಹೇಳಿಲ್ಲ. ಮನಿ ಹತ್ತಿರ ಅಂತ ಇಲ್ಲೇ ಸೇರಿದ್ಲು ಅಂತ ನೀವೆಲ್ಲ ತಿಳ್ಕೊಂಡೀರಿ. ಅಪ್ಪ, ನಾನು ಘಟಪ್ರಭಾ ಸ್ಟೇಷನ್ನಿಗೆ ಹೋಗಿ ರಾತ್ರಿ ರೈಲು ಹತ್ತಿದ್ವಿ, ಅವ್ವ ಬುತ್ತಿ ಕಟ್ಟಿಕೊಟ್ಟಿದ್ಲು. ಬರವಣಿಗೆ ಪರೀಕ್ಷೆ ಪರವಾಗಿಲ್ಲ ಅನ್ನೋ ಹಂಗ ಆಯ್ತು. ಆಮೇಲೆ ಒಂದು ಸಣ್ಣ ಕೋಣೆಯೊಳಗ ಕೂರಿಸಿ, ಒಂದು ವಿಷಯ ಕೊಟ್ಟು, ಇದರ ಬಗ್ಗೆ ಮಾತಾಡು ಅಂದ್ರು. ವಿಷಯ ಏನಂದ್ರ ನಗದು ಇಲ್ಲದ ವ್ಯವಹಾರ. ಸಂಕೇಶ್ವರದಾಗ ನಮ್ಮ ಕಾಕಾನ ಅಡತಿ ಅಂಗಡಿ ಅದ. ಕಿರ್ದಿ ಪುಸ್ತಕ ಬರೆಯೋದು, ಫೋನ್ ಪೇ ಬಂದ ಮ್ಯಾಲೆ ರೈತರ ಕೂಡ ಲೆಕ್ಕ ಹೆಂಗ ಬದಲಾಯ್ತು, ಎಲ್ಲಾ ನನಗ ಗೊತ್ತು. ತಲಿಯೊಳಗ ಪೂರಾ ಭಾಷಣ ತಯಾರಿತ್ತು, ಕನ್ನಡದಾಗ. ಮೂರು ವಾಕ್ಯ ಇಂಗ್ಲಿಷ್‌ನಾಗ ಬಂದವು. ನಾಲ್ಕನೇದು ಬರಲಿಲ್ಲ. ಎದುರಿಗೆ ಕೂತವರು ಒಳ್ಳೆಯವರೇ, ನೀರು ಕೊಟ್ರು, ಅವಸರ ಇಲ್ಲ ಅಂದ್ರು. ಪಟ್ಟಿಯೊಳಗ ಮಾತ್ರ ನನ್ನ ಹೆಸರು ಬರಲಿಲ್ಲ.

ಯಾವ ಯೂನಿವರ್ಸಿಟಿ ಅಂತ ಹೇಳೂದಿಲ್ಲ, ಕಮೆಂಟಿನಾಗ ಕೇಳಬ್ಯಾಡ್ರಿ. ನನ್ನ ಪ್ರಶ್ನೆ ಬೇರೆ. ಕಾಲೇಜಿನ ಬಾಗಿಲಿಗೆ ಈ ಇಂಗ್ಲಿಷ್ ಚಿಲಕ ಹಾಕಿದವರು ಯಾರು? ಯಾವಾಗ? ಅಕೌಂಟೆನ್ಸಿ ಬಿಟ್ಟು ಎರಡು ವಾರ ಇದನ್ನೇ ಓದೀನಿ. ಒಂದೊಂದೇ ಪೋಸ್ಟ್ ಹಾಕ್ತೀನಿ. ಉದ್ದ ಆಗ್ತದ, ಬೈಕೊಳ್ಳಬ್ಯಾಡ್ರಿ.

ಪೋಸ್ಟ್ 2

ನಾನು ತಿಳ್ಕೊಂಡಿದ್ದು ಏನಂದ್ರ, ಮಿಷನರಿ ಕಾಲೇಜು ಅಂದ್ರ ಮೊದಲ ದಿನದಿಂದ್ಲೇ ಇಂಗ್ಲಿಷ್ ಅಂತ. ತಪ್ಪು.

ಕಲ್ಕತ್ತಾದ ಹತ್ತಿರ ಹೂಗ್ಲಿ ನದಿಯ ದಂಡಿ ಮ್ಯಾಲೆ ಸೆರಾಂಪುರ ಅಂತ ಊರು. ಆಗ ಅದು ಬ್ರಿಟಿಷರ ಕೈಯಲ್ಲಿ ಇರಲಿಲ್ಲ, ಡೆನ್ಮಾರ್ಕಿನವರದಾಗಿತ್ತು. ವಿಲಿಯಂ ಕೇರಿ, ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಎಂಬ ಮೂವರು ಬ್ಯಾಪ್ಟಿಸ್ಟ್ ಮಿಷನರಿಗಳು 1818ರಲ್ಲಿ ಅಲ್ಲಿ ಕಾಲೇಜು ತೆರೆದರು. 1827ರಲ್ಲಿ ಡೆನ್ಮಾರ್ಕಿನ ರಾಜ ಆರನೇ ಫ್ರೆಡರಿಕ್ ಆ ಕಾಲೇಜಿಗೆ ಪದವಿ ಕೊಡುವ ಅಧಿಕಾರಪತ್ರ ನೀಡಿದ. ಲೆಕ್ಕ ಹಾಕ್ರಿ: ಕಲ್ಕತ್ತಾ, ಮುಂಬಯಿ, ಮದ್ರಾಸು ವಿಶ್ವವಿದ್ಯಾಲಯಗಳು ಹುಟ್ಟಿದ್ದು 1857ರಲ್ಲಿ. ಅದಕ್ಕಿಂತ 30 ವರ್ಷ ಮೊದಲೇ ಪದವಿ ಕೊಡುವ ಹಕ್ಕು ಒಂದು ಕ್ರಿಶ್ಚಿಯನ್ ಕಾಲೇಜಿನ ಕೈಯಲ್ಲಿತ್ತು.

ಪ್ರವೇಶಕ್ಕೆ ಏನು ಕೇಳುತ್ತಿದ್ದರು? ಜಾತಿ, ಬಣ್ಣ, ದೇಶ ಯಾವುದೂ ಅಡ್ಡಿಯಾಗಬಾರದು ಎಂದು ಕಾಲೇಜಿನ ನಿಯಮದಲ್ಲೇ ಬರೆದಿದ್ದರು. ಇಂಗ್ಲಿಷ್ ಗೊತ್ತಿರಲೇಬೇಕು ಎಂಬುದು ಕೇರಿಯವರ ಲೆಕ್ಕದಲ್ಲಿ ಇರಲಿಲ್ಲ. ಹುಡುಗರು ತಮ್ಮ ಭಾಷೆಯನ್ನೂ ಸಂಸ್ಕೃತವನ್ನೂ ಚೆನ್ನಾಗಿ ಕಲಿಯಲಿ, ಯುರೋಪಿನ ವಿಜ್ಞಾನವನ್ನು ತಮ್ಮ ಭಾಷೆಯಲ್ಲೇ ಓದಲಿ, ಇಂಗ್ಲಿಷ್ ಬೇಕಾದವರಿಗೆ ಆಮೇಲೆ, ಇದು ಅವರ ವಿಚಾರ. ಈ ಕೇರಿ ಸ್ವತಃ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಇಂಗ್ಲೆಂಡಿನಲ್ಲಿ ಬೂಟು ಹೊಲಿಯುತ್ತಾ ಭಾಷೆಗಳನ್ನು ಕಲಿತವರು. 1817ರಲ್ಲಿ, ಅಂದರೆ ಕಾಲೇಜಿಗಿಂತ ಒಂದು ವರ್ಷ ಮೊದಲು, ನಮ್ಮ ಕನ್ನಡದ ವ್ಯಾಕರಣವನ್ನೂ ಇಂಗ್ಲಿಷಿನಲ್ಲಿ ಬರೆದು ಸೆರಾಂಪುರದಲ್ಲಿ ಅಚ್ಚು ಹಾಕಿಸಿದ್ದರು. ಬಂಗಾಳದಾಗ ಕೂತು ಕನ್ನಡ ವ್ಯಾಕರಣ!

ಅವರನ್ನು ದೇವರು ಮಾಡಬ್ಯಾಡ್ರಿ. ಅವರ ಉದ್ದೇಶ ಧರ್ಮಪ್ರಚಾರ. ಹಳ್ಳಿಗೆ ಹೋಗಿ ಮಾತಾಡುವವನಿಗೆ ಹಳ್ಳಿಯ ಭಾಷೆ ಬರಬೇಕು, ಅಷ್ಟ. ಅದೇ ಕಾರಣಕ್ಕೆ 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ನಿನವರು ಕನ್ನಡ ಕಲಿತರು, ಅವರಲ್ಲೇ ಒಬ್ಬರಾದ ಕಿಟ್ಟೆಲ್ 1894ರಲ್ಲಿ ನಿಘಂಟು ಕೊಟ್ಟರು. ಉದ್ದೇಶ ಏನೇ ಇರಲಿ, ಬಾಗಿಲಲ್ಲಿ ನಿಂತು "ಇಂಗ್ಲಿಷ್ ಬರ್ತದೇನು" ಅಂತ ಅವರು ಕೇಳಲಿಲ್ಲ.

ಪೋಸ್ಟ್ 3

ಹಂಗಾದ್ರ ಕೇಳಿದವರು ಯಾರು?

1830ರಲ್ಲಿ ಅಲೆಕ್ಸಾಂಡರ್ ಡಫ್ ಎಂಬ ಸ್ಕಾಟ್ಲೆಂಡಿನ ಮಿಷನರಿ ಕಲ್ಕತ್ತಾದಲ್ಲಿ ಶಾಲೆ ತೆರೆದ. ಅಲ್ಲಿ ಉನ್ನತ ವಿದ್ಯೆ ಇಂಗ್ಲಿಷಿನಲ್ಲೇ. ಜಾಗ ಹುಡುಕಿಕೊಟ್ಟವರು ರಾಜಾ ರಾಮಮೋಹನ ರಾಯರು. ಅಂದ್ರ ಇಂಗ್ಲಿಷ್ ಬೇಕು ಅಂದವರಲ್ಲಿ ನಮ್ಮವರೂ ಇದ್ದರು. 1835ರಲ್ಲಿ ಮೆಕಾಲೆಯ ಟಿಪ್ಪಣಿ. ಇದು ಎಲ್ಲರಿಗೂ ಗೊತ್ತು, ರೀಲ್ಸ್‌ನಾಗ ದಿನಾ ಬೈತಾರ. ಆದ್ರ ನನ್ನ ಪ್ರಕಾರ ಹೆಚ್ಚು ಕೆಲಸ ಮಾಡಿದ್ದು 1844ರ ಹಾರ್ಡಿಂಜ್ ಆದೇಶ: ಸರ್ಕಾರಿ ನೌಕರಿಗೆ ಇಂಗ್ಲಿಷ್ ಓದಿದವರಿಗೆ ಆದ್ಯತೆ. ಅಲ್ಲಿಗೆ ಅಪ್ಪ ಅವ್ವ ಎಲ್ಲಾ ಇಂಗ್ಲಿಷ್ ಶಾಲೆಯ ಕಡೆ ತಿರುಗಿದ್ರು. ನಾವು ಬಿಕಾಂನವರು, ಬೇಡಿಕೆ ಪೂರೈಕೆ ನಮಗ ಯಾರೂ ಹೇಳಿಕೊಡಬೇಕಾಗಿಲ್ಲ.

1857ರಲ್ಲಿ ವಿಶ್ವವಿದ್ಯಾಲಯಗಳು ಬಂದವು. ಅವುಗಳ ಪ್ರವೇಶ ಪರೀಕ್ಷೆಯೇ ಮೆಟ್ರಿಕ್. ಕಲ್ಕತ್ತಾದಲ್ಲಿ ಮೊದಲಿಗೆ ಇತಿಹಾಸ, ಭೂಗೋಳ, ಗಣಿತದ ಉತ್ತರವನ್ನು ದೇಶಭಾಷೆಯಲ್ಲೂ ಬರೆಯಬಹುದಿತ್ತು. ಐದೇ ವರ್ಷದಲ್ಲಿ ಅದನ್ನು ತೆಗೆದು ಇಂಗ್ಲಿಷ್ ಮಾಡಿದರು. ಮಿಷನರಿ ಕಾಲೇಜು ಇರಲಿ, ಸರ್ಕಾರಿ ಕಾಲೇಜು ಇರಲಿ, ಬಾಗಿಲಿನ ಕೀಲಿ ವಿಶ್ವವಿದ್ಯಾಲಯದ ಕೈಗೆ ಹೋಯಿತು.

ಈಗ ಆ ಕಾಲದ ಹುಕ್ಕೇರಿಯ ಹುಡುಗನನ್ನು ನೆನೆಸಿಕೊಳ್ರಿ (ಹುಡುಗ ಅಂತಾನೇ ಅಂತೀನಿ, ಹುಡುಗಿಯನ್ನು ಆಗ ಯಾರು ಕಳಿಸ್ತಿದ್ರು). ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಮನೆಯಲ್ಲಿ ಕನ್ನಡ. ನಮ್ಮ ಭಾಗದ ಶಾಲೆಗಳಲ್ಲಿ ಬಹಳ ಕಾಲ ಮರಾಠಿ. ಅಲ್ಲಿ ಕನ್ನಡ ತರೋದಕ್ಕೆ ಡೆಪ್ಯುಟಿ ಚನ್ನಬಸಪ್ಪನವರಂಥವರು ಗುದ್ದಾಡಬೇಕಾಯಿತು. ಅದು ದಾಟಿದರೆ ಕಾಲೇಜಿಗೆ ಇಂಗ್ಲಿಷ್. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆಗಿದ್ದು 1917ರಲ್ಲಿ; ಅಲ್ಲೀತನಕ ಪುಣೆಗೋ ಮುಂಬಯಿಗೋ ಹೋಗಬೇಕು. ನಮ್ಮವರೇ 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ಕಟ್ಟಿದಾಗ ಮೊದಲು ತೆರೆದ ಶಾಲೆಯ ಹೆಸರೇ ಆಂಗ್ಲೋ ವರ್ನಾಕ್ಯುಲರ್ ಶಾಲೆ. ಇಂಗ್ಲಿಷ್ ಇಲ್ಲದೆ ಮುಂದೆ ದಾರಿ ಇಲ್ಲ ಅಂತ ಅವರಿಗೂ ಗೊತ್ತಿತ್ತು.

ಇಲ್ಲೀತನಕ ಕಥಿ ಸರಳ: ಇಂಗ್ಲಿಷ್ ಬಾರದವರನ್ನು ಹೊರಗೆ ನಿಲ್ಲಿಸಿದ್ರು. ಮುಂದಿನ ಪೋಸ್ಟ್‌ನಾಗ ಕಥಿ ತಿರುವು ಮುರುವು ಆಗ್ತದ.

ಪೋಸ್ಟ್ 4

1954, ಜನವರಿ 6. ಸ್ವಾತಂತ್ರ್ಯ ಬಂದು ಆರೂವರೆ ವರ್ಷ. ಮೊರಾರ್ಜಿ ದೇಸಾಯಿ ಮುಂಬಯಿ ರಾಜ್ಯದ ಮುಖ್ಯಮಂತ್ರಿ. ಅವತ್ತು ಸರ್ಕಾರ ಒಂದು ಸುತ್ತೋಲೆ ಹೊರಡಿಸಿತು. ಅದರ ಸಾರ: ಈ ಆದೇಶದ ದಿನದಿಂದ ಇಂಗ್ಲಿಷ್ ಮಾಧ್ಯಮದ ಯಾವ ತರಗತಿಗೂ ಆಂಗ್ಲೋ ಇಂಡಿಯನ್ನರ ಮಕ್ಕಳು ಮತ್ತು ಏಷ್ಯಾ ಮೂಲದವರಲ್ಲದ ನಾಗರಿಕರ ಮಕ್ಕಳನ್ನು ಬಿಟ್ಟು ಬೇರೆ ಯಾರನ್ನೂ ಸೇರಿಸಿಕೊಳ್ಳಬಾರದು.

ಇನ್ನೊಮ್ಮೆ ಓದ್ರಿ. ಇಂಗ್ಲಿಷ್ ಬಾರದಿದ್ರ ಒಳಗೆ ಬರಬ್ಯಾಡ ಅಂತ ಅಲ್ಲ. ನಿಮ್ಮ ಸಮುದಾಯದ ಭಾಷೆ ಇಂಗ್ಲಿಷ್ ಅಲ್ಲ, ಅದಕ್ಕ ಇಂಗ್ಲಿಷ್ ಕಲಿಯೋ ತರಗತಿಗೆ ಬರಬ್ಯಾಡ ಅಂತ.

ಬೆಳಗಾವಿ 1956ರ ನವೆಂಬರ್ 1ರ ತನಕ ಮುಂಬಯಿ ರಾಜ್ಯದಲ್ಲೇ ಇತ್ತು. ಹಾಗಾಗಿ ಈ ಸುತ್ತೋಲೆ ನಮ್ಮ ಜಿಲ್ಲೆಗೂ ಬಂತು. ಬೆಳಗಾವಿ ಕ್ಯಾಂಪಿನಲ್ಲಿ 1856ರಿಂದ ನಡೆದುಕೊಂಡು ಬಂದ ಸೇಂಟ್ ಪಾಲ್ಸ್ ನೀವು ನೋಡಿರ್ತೀರಿ. ಇಂಥ ಶಾಲೆಯ ಇಂಗ್ಲಿಷ್ ತರಗತಿಗೆ ಹುಕ್ಕೇರಿಯ ವ್ಯಾಪಾರಿಯ ಮಗ ಆ ವರ್ಷ ಹೊಸದಾಗಿ ಸೇರಬೇಕಂದ್ರ ಸುತ್ತೋಲೆ ಅಡ್ಡ ನಿಲ್ಲುತ್ತಿತ್ತು.

ಸರ್ಕಾರದ ಮನಸ್ಸಿನಲ್ಲಿ ಕೆಟ್ಟದ್ದೇ ಇತ್ತು ಅಂತ ನಾನು ಹೇಳಲ್ಲ. ಮಕ್ಕಳು ತಮ್ಮ ಭಾಷೆಯಲ್ಲಿ ಕಲಿಯಲಿ, ಹಿಂದಿ ಬೆಳೆಯಲಿ, ಇಂಗ್ಲಿಷಿನ ಮೇಲಾಟ ಮುಗಿಯಲಿ ಅನ್ನೋದು ಆ ಕಾಲದ ಆಸೆ. ನಾನೂ ಕನ್ನಡ ಮೀಡಿಯಂನವಳು, ಆ ಆಸೆ ನನಗ ಅರ್ಥ ಆಗ್ತದ. ಆದ್ರ ಆದೇಶದ ಭಾರ ಯಾರ ತಲಿ ಮ್ಯಾಲೆ ಬಿತ್ತು ನೋಡ್ರಿ. ಆಗಲೇ ಇಂಗ್ಲಿಷ್ ಇದ್ದವರಿಗೆ ಏನೂ ಆಗಲಿಲ್ಲ. ಇಲ್ಲದವರಿಗೆ ಕಲಿಯೋ ಬಾಗಿಲೇ ಬಂದ್.

ಪೋಸ್ಟ್ 5

ನಾಸಿಕದ ಹತ್ತಿರ ದೇವಳಾಲಿಯಲ್ಲಿ ಬಾರ್ನ್ಸ್ ಹೈಸ್ಕೂಲ್ ಇದೆ. ನಡೆಸುವುದು ಬಾಂಬೆ ಎಜುಕೇಶನ್ ಸೊಸೈಟಿ, 1815ರಲ್ಲಿ ಬಾರ್ನ್ಸ್ ಎಂಬ ಪಾದ್ರಿಯಿಂದ ಶುರುವಾದ ಆಂಗ್ಲಿಕನ್ ಸಂಸ್ಥೆ. ಸುತ್ತೋಲೆ ಬಂದ ಮೇಲೆ ಆ ಶಾಲೆಗೆ ಇಬ್ಬರು ಅಪ್ಪಂದಿರು ಹೋದರು.

ಒಬ್ಬರು ಸೈನ್ಯದ ಮೇಜರ್, ಭಾರತೀಯ ಕ್ರಿಶ್ಚಿಯನ್. ನಮ್ಮ ಮನೆಮಾತೇ ಇಂಗ್ಲಿಷ್, ಮಗಳನ್ನು ಸೇರಿಸಿಕೊಳ್ಳಿ ಅಂದರು. ಶಾಲೆ ಆಗುವುದಿಲ್ಲ ಅನ್ನಬೇಕಾಯಿತು, ಯಾಕಂದರೆ ಅವರು ಆಂಗ್ಲೋ ಇಂಡಿಯನ್ ಅಲ್ಲ. ಮನೆಯಲ್ಲಿ ಇಂಗ್ಲಿಷ್ ಮಾತಾಡಿದರೂ ಸಾಲದು, ಮೂಲವೂ ಸರಿ ಇರಬೇಕು! ಇನ್ನೊಬ್ಬರು ಡಾಕ್ಟರ್, ಗುಜರಾತಿ ಹಿಂದೂ. ಮನೆಮಾತು ಇಂಗ್ಲಿಷ್ ಅಂತ ಅವರು ಹೇಳಲೇ ಇಲ್ಲ. ಮಗ ಮುಂದೆ ಮೆಡಿಕಲ್ ಓದಬೇಕು, ಅದಕ್ಕೆ ಈ ಶಾಲೆ ಬೇಕು ಅಂದರು. ಅವರಿಗೂ ಇಲ್ಲ.

ಈ ಡಾಕ್ಟರ್ ಅಪ್ಪನ ಭಾಗ ಓದುವಾಗ ಘಟಪ್ರಭಾ ಸ್ಟೇಷನ್ನಿನಾಗ ಬುತ್ತಿ ಚೀಲ ಹಿಡಕೊಂಡು ನಿಂತ ನಮ್ಮಪ್ಪ ನೆನಪಾದ.

ಶಾಲೆಯ ಸಂಸ್ಥೆ ಮತ್ತು ಈ ತಂದೆಯರು ಮುಂಬಯಿ ಹೈಕೋರ್ಟಿಗೆ ಹೋದರು. ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ. 1954ರ ಫೆಬ್ರವರಿ 15ಕ್ಕೆ ತೀರ್ಪು ಶಾಲೆಯ ಪರ ಬಂತು, ಸುತ್ತೋಲೆ ಹೊರಟು 40 ದಿನಕ್ಕೆ. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಐವರು ನ್ಯಾಯಮೂರ್ತಿಗಳ ಪೀಠ. ತೀರ್ಪು ಬರೆದವರು ಎಸ್.ಆರ್. ದಾಸ್, ದಿನ ಮೇ 26.

ಸಂವಿಧಾನದ 29(2)ನೇ ವಿಧಿ ಹೀಗೆ ಹೇಳುತ್ತದೆ: ಸರ್ಕಾರ ನಡೆಸುವ ಅಥವಾ ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಯಲ್ಲಿ ಧರ್ಮ, ಜನಾಂಗ, ಜಾತಿ, ಭಾಷೆ ಇಷ್ಟೇ ಕಾರಣಕ್ಕೆ ಯಾವ ನಾಗರಿಕನಿಗೂ ಪ್ರವೇಶ ನಿರಾಕರಿಸುವಂತಿಲ್ಲ. ಸರ್ಕಾರದ ವಕೀಲರು ಎರಡು ವಾದ ಇಟ್ಟರು. ಒಂದು, ಈ ವಿಧಿ ಇರುವುದು ಅಲ್ಪಸಂಖ್ಯಾತರಿಗಾಗಿ ಮಾತ್ರ. ಕೋರ್ಟು ಒಪ್ಪಲಿಲ್ಲ: ಅಲ್ಲಿ "ನಾಗರಿಕ" ಅಂತ ಇದೆ, ಬಹುಸಂಖ್ಯಾತನೂ ನಾಗರಿಕನೇ. ಎರಡು, ನಮ್ಮ ಉದ್ದೇಶ ದೇಶಭಾಷೆ ಬೆಳೆಸುವುದು, ಯಾರನ್ನೂ ಹೊರಗಿಡುವುದಲ್ಲ. ಅದಕ್ಕೆ ಕೋರ್ಟಿನ ಉತ್ತರ ನನಗೆ ಬಹಳ ಹಿಡಿಸಿತು: ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಈ ಮಗುವನ್ನು ಇವತ್ತು ಬಾಗಿಲಲ್ಲಿ ತಡೆದ ಕಾರಣ ಏನು? ಭಾಷೆ. ಹಾಗಾದರೆ ಅದು ನಡೆಯುವುದಿಲ್ಲ.

ಇನ್ನೊಂದು ಮಜಾ ಅದ. ಆಂಗ್ಲೋ ಇಂಡಿಯನ್ ಶಾಲೆಗಳಿಗೆ ಅನುದಾನ ಕೊಡುವ 337ನೇ ವಿಧಿಯಲ್ಲಿ ಒಂದು ಷರತ್ತಿತ್ತು. ಪ್ರತಿ ವರ್ಷದ ಪ್ರವೇಶದಲ್ಲಿ ಕನಿಷ್ಠ 40 ಪರ್ಸೆಂಟ್ ಬೇರೆ ಸಮುದಾಯದವರಿಗೆ ತೆರೆದಿರಬೇಕು, ಇಲ್ಲದಿದ್ದರೆ ಅನುದಾನ ಇಲ್ಲ. ಸಂವಿಧಾನ ಸೇರಿಸಿಕೋ ಅಂತದ, ಸುತ್ತೋಲೆ ಸೇರಿಸಬ್ಯಾಡ ಅಂತದ. ಶಾಲೆಯವರು ಯಾವುದನ್ನು ಕೇಳಬೇಕು? ಕೋರ್ಟು ಇದನ್ನೂ ಎತ್ತಿ ತೋರಿಸಿತು. ಸುತ್ತೋಲೆ ಬಿದ್ದುಹೋಯಿತು.

ಪೋಸ್ಟ್ 6

ಇದು ಸಣ್ಣ ಪೋಸ್ಟ್, ಆದ್ರ ಕನ್ನಡ ಮೀಡಿಯಂನವರು ತಪ್ಪದೆ ಓದ್ರಿ.

1960ರ ಮಾರ್ಚಿನಲ್ಲಿ ಒಬ್ಬ ಹುಡುಗ ಮರಾಠಿಯಲ್ಲಿ ಎಸ್‌ಎಸ್‌ಸಿ ಬರೆದು ಪಾಸಾದ. ಅಹಮದಾಬಾದಿನ ಸೇಂಟ್ ಝೇವಿಯರ್ಸ್ ಕಾಲೇಜಿಗೆ, ಜೆಸ್ಯೂಟರದ್ದು, ಮೊದಲ ವರ್ಷದ ಆರ್ಟ್ಸ್‌ಗೆ ಸೇರಿದ. ಇಂಗ್ಲಿಷ್ ಮಾಧ್ಯಮದ ವಿಭಾಗ ತಗೊಂಡ. ಮೊದಲ ವರ್ಷ ಪಾಸೂ ಆದ. ಎರಡನೇ ವರ್ಷಕ್ಕೆ ಹೋದಾಗ ಪ್ರಿನ್ಸಿಪಾಲರು, ವಿಶ್ವವಿದ್ಯಾಲಯದ ಅನುಮತಿ ಇಲ್ಲದೆ ಇಂಗ್ಲಿಷ್ ವಿಭಾಗಕ್ಕೆ ತಗೊಳ್ಳಲು ಬರುವುದಿಲ್ಲ ಅಂದರು. ಗುಜರಾತ್ ವಿಶ್ವವಿದ್ಯಾಲಯ ಅನುಮತಿ ಕೊಡಲಿಲ್ಲ. ಗುಜರಾತಿ ಅಥವಾ ಹಿಂದಿಯಲ್ಲಿ ಓದು ಅನ್ನೋದು ಅದರ ನಿಯಮ.

ಅವನ ತಂದೆ ಕೋರ್ಟಿಗೆ ಹೋದರು. ವಕೀಲರು ಇದನ್ನು ಮುಧೋಳಕರ್ ಕೇಸ್ ಅಂತಾರ (ಅಡ್ಡಹೆಸರು ಕೇಳಿ ನನಗೂ ನಮ್ಮ ಪಕ್ಕದ ಮುಧೋಳವೇ ನೆನಪಾಯ್ತು). 1962ರ ಸೆಪ್ಟೆಂಬರ್ 21ರಂದು ಸುಪ್ರೀಂ ಕೋರ್ಟು, ಒಂದೇ ಭಾಷೆಯನ್ನು ಏಕೈಕ ಮಾಧ್ಯಮವಾಗಿ ಹೇರುವ ಅಧಿಕಾರ ಆ ವಿಶ್ವವಿದ್ಯಾಲಯಕ್ಕೆ ಇಲ್ಲ ಅಂದಿತು. ಒಬ್ಬ ನ್ಯಾಯಮೂರ್ತಿ, ಸುಬ್ಬರಾವ್, ಒಪ್ಪಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾನೂನಲ್ಲ, ಆ ಹುಡುಗ. ಹತ್ತಾರು ವರ್ಷ ಮರಾಠಿಯಲ್ಲಿ ಓದಿದವನು ಒಂದೇ ವರ್ಷದಲ್ಲಿ ಇಂಗ್ಲಿಷ್ ವಿಭಾಗದಲ್ಲಿ ಪಾಸಾಗಿದ್ದ. ಕಾಲೇಜು ಅವನನ್ನು ಸೇರಿಸಿಕೊಂಡಿದ್ದು ಕಲಿತು ಬಂದಿದ್ದಕ್ಕಲ್ಲ, ಕಲೀತಾನ ಅಂತ.

ಪೋಸ್ಟ್ 7

ಈಗ ಇವತ್ತಿಗೆ ಬರೋಣ, ಯಾಕಂದ್ರ ಫಾರ್ಮಿನ ಕೊನೇ ದಿನ ಇತಿಹಾಸಕ್ಕ ಕಾಯೂದಿಲ್ಲ.

ಕರ್ನಾಟಕದಲ್ಲಿ ಹಳೇ ಕ್ರಿಶ್ಚಿಯನ್ ಕಾಲೇಜುಗಳು ಒಂದೊಂದಾಗಿ ವಿಶ್ವವಿದ್ಯಾಲಯ ಆಗಿವೆ. 1969ರ ಕ್ರೈಸ್ಟ್ ಕಾಲೇಜು 2008ರಲ್ಲಿ ಡೀಮ್ಡ್ ಆಯಿತು. 1882ರ ಸೇಂಟ್ ಜೋಸೆಫ್ಸ್ ಈಗ ವಿಶ್ವವಿದ್ಯಾಲಯ, 2022ರಲ್ಲಿ ಉದ್ಘಾಟನೆ. ಮಂಗಳೂರಿನ 1880ರ ಸೇಂಟ್ ಅಲೋಶಿಯಸ್‌ಗೆ 2024ರಲ್ಲಿ ಡೀಮ್ಡ್ ಪಟ್ಟ. ಹಿಂದೆ ಮೆಟ್ರಿಕ್ ಕೀಲಿ ಸರ್ಕಾರದ ವಿಶ್ವವಿದ್ಯಾಲಯದ ಕೈಯಲ್ಲಿತ್ತಲ್ಲ, ಈಗ ಇವರ ಕೀಲಿ ಇವರ ಕೈಯಲ್ಲೇ. 2002ರಲ್ಲಿ ನಮ್ಮ ಮಣಿಪಾಲದ ಟಿ.ಎಂ.ಎ. ಪೈ ಫೌಂಡೇಶನ್ ಕೇಸಿನಲ್ಲಿ 11 ನ್ಯಾಯಮೂರ್ತಿಗಳು, ಅನುದಾನ ಇಲ್ಲದ ಅಲ್ಪಸಂಖ್ಯಾತ ಸಂಸ್ಥೆಗಳು ತಮ್ಮದೇ ಪ್ರವೇಶ ವಿಧಾನ ಇಟ್ಟುಕೊಳ್ಳಬಹುದು, ಆದರೆ ಅದು ನ್ಯಾಯವಾಗಿ, ಪಾರದರ್ಶಕವಾಗಿ ಇರಬೇಕು, ಅರ್ಹತೆ ನೋಡಬೇಕು ಅಂದಿದ್ದಾರೆ.

ಅಲ್ಲೇ ನನಗೆ ಒಂದು ವ್ಯತ್ಯಾಸ ಹೊಳೆದಿದ್ದು. 1954ರ ಸುತ್ತೋಲೆ "ನೀನು ಯಾರ ಮಗು, ನಿಮ್ಮವರ ಭಾಷೆ ಯಾವುದು" ಅಂತ ಕೇಳಿತು. ಇವತ್ತಿನ ಪರೀಕ್ಷೆ "ಈ ಭಾಷೆ ನಿನಗೆ ಎಷ್ಟು ಬರ್ತದ" ಅಂತ ಕೇಳ್ತದ. ಮೊದಲನೇದಕ್ಕ ಉತ್ತರ ಬದಲಾಯಿಸೋಕ ಆಗೂದಿಲ್ಲ, ಎರಡನೇದಕ್ಕ ಆಗ್ತದ. ಹಂಗಂತ ಎರಡನೇ ಪ್ರಶ್ನೆ ಪೂರಾ ನಿಷ್ಪಕ್ಷಪಾತ ಅಂತ ನಾ ಒಪ್ಪೂದಿಲ್ಲ. ಮೂರನೇ ವರ್ಷದಿಂದ ಇಂಗ್ಲಿಷ್ ಹಾಡು ಹೇಳಿಕೊಂಡು ಬಂದವರಿಗೂ, ಸಾರ್ "ಡೆಬಿಟ್ ವಾಟ್ ಕಮ್ಸ್ ಇನ್" ಅಂತ ಬರೆದು ಕನ್ನಡದಾಗ ಬಿಡಿಸಿ ಹೇಳಿದ ಮ್ಯಾಲೆ ಅರ್ಥ ಮಾಡ್ಕೊಳ್ಳೋ ನಮಗೂ ಸಣ್ಣ ಕೋಣೆಯ ಆ ಐದು ನಿಮಿಷ ಒಂದೇ ಉದ್ದ ಇರೂದಿಲ್ಲ. ವಿದೇಶದ ಎಷ್ಟೋ ವಿಶ್ವವಿದ್ಯಾಲಯಗಳು, ಕ್ರಿಶ್ಚಿಯನ್ ಇರಲಿ ಬೇರೆ ಇರಲಿ, ಟೋಫೆಲ್, ಐಇಎಲ್‌ಟಿಎಸ್ ಕೇಳ್ತಾವ; ಇಂಗ್ಲಿಷ್ ಮಾಧ್ಯಮದಾಗ ಓದಿದ ಸರ್ಟಿಫಿಕೇಟ್ ಇದ್ರ ಕೆಲವೆಡೆ ವಿನಾಯಿತಿ. ಅಂದ್ರ ಅಲ್ಲಿ ಮತ್ತ "ನೀನು ಎಲ್ಲಿಂದ ಬಂದಿ" ಅನ್ನೋ ಪ್ರಶ್ನೆನೇ ಹಿಂದಿನ ಬಾಗಿಲಿಂದ ಬಂತು.

ನಮ್ಮ ರಾಜ್ಯವೂ ಭಾಷೆಯ ವಿಷಯದಾಗ ಭಾಳ ಒದ್ದಾಡೇದ. 1982ರ ಗೋಕಾಕ್ ಚಳವಳಿ ಗೊತ್ತಲ್ಲ. ಗೋಕಾಕದ ಗೆಳೆಯರು ಅದು ತಮ್ಮ ಊರಿನ ಚಳವಳಿ ಅಂತ ಜಂಬ ಹೊಡೀತಾರ. ವರದಿ ಕೊಟ್ಟ ಸಮಿತಿಯ ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಾಗ, ಬೇಜಾರಾಗಬ್ಯಾಡ್ರಿ. 1994ರಲ್ಲಿ ಸರ್ಕಾರ ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಕಡ್ಡಾಯ ಅಂದಿತು. 2014ರಲ್ಲಿ ಸುಪ್ರೀಂ ಕೋರ್ಟು, ಮಾಧ್ಯಮ ಆರಿಸೋದು ಮಗುವಿನ ಪರವಾಗಿ ತಂದೆತಾಯಿಗೆ ಬಿಟ್ಟದ್ದು ಅಂದಿತು. ಮುಂಬಯಿಯ 1954, ನಮ್ಮ 2014, ಅರವತ್ತು ವರ್ಷ.

ಈಗ ನಿನಗೆ, ಮೆಸೇಜ್ ಹಾಕಿದವಳಿಗೆ. ಫಾರ್ಮ್ ತುಂಬು. ಕನ್ನಡ ಮೀಡಿಯಂ ಅಂತ ಬಾಗಿಲಲ್ಲೇ ವಾಪಸ್ ಕಳಿಸೋ ನಿಯಮ ಅದ ಏನು ಅಂತ ಮೊದಲು ಆ ಕೋರ್ಸಿನ ಪ್ರಾಸ್ಪೆಕ್ಟಸ್ ಪೂರಾ ಓದು. ಪರೀಕ್ಷೆಯೊಳಗ ಇಂಗ್ಲಿಷಿಗೆ ಎಷ್ಟು ಪಾಲು, ಮಾತಾಡೋ ಸುತ್ತು ಅದ ಇಲ್ಲ, ನೋಡಿಟ್ಟುಕೋ. ಇನ್ನೊಂದು ಗೊಂದಲ ಬ್ಯಾಡ: ಕೇಂದ್ರ ಸರ್ಕಾರದ ಸಿಯುಇಟಿ 2022ರಿಂದ ಅದ, ಅದನ್ನ ಕನ್ನಡ ಸೇರಿ 13 ಭಾಷೆಯೊಳಗ ಬರೀಬಹುದು. ಕ್ರೈಸ್ಟ್‌ನವರ ಸ್ವಂತ ಪರೀಕ್ಷೆಗೂ ಅದೇ ಚಿಕ್ಕ ಹೆಸರು, ಎರಡೂ ಬೇರೆ ಬೇರೆ. ಒಂದಕ್ಕ ಕಟ್ಟಿ ಇನ್ನೊಂದಕ್ಕ ಕಾಯಬ್ಯಾಡ.

ಬುಧವಾರ ಕಾಲೇಜ್ ಬಿಟ್ಟ ಮ್ಯಾಲೆ ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್‌ಗೆ ಬಾ. ಹತ್ತನೇತ್ತದ ಮಾರ್ಕ್ಸ್ ಕಾರ್ಡ್, ಆಧಾರ್, ಎರಡು ಫೋಟೋ ತಗೊಂಡು ಬಾ, ನಾನೇ ತುಂಬಿಸ್ತೀನಿ. ಆಮೇಲೆ ದಿನಾ ಸಂಜಿ ಐದು ನಿಮಿಷ, ಒಂದು ವಿಷಯ, ನನ್ನ ಮುಂದ ಇಂಗ್ಲಿಷ್‌ನಾಗ ಮಾತಾಡು. ನಡುವ ನಿಂತ್ರ ಕನ್ನಡದಾಗ ಹೇಳಿ ಮುಂದ ಹೋಗು. ಆಮೇಲೆ ನಾ ಮಾತಾಡ್ತೀನಿ, ನೀ ಕೇಳು. ಮುಂದಿನ ವರ್ಷ ಎಂಕಾಂಗೆ ಅದೇ ಫಾರ್ಮ್ ನಾನೂ ಮತ್ತ ತುಂಬೂದದ. ಮೊದಲ ದಿನದ ವಿಷಯ ನಗದು ಇಲ್ಲದ ವ್ಯವಹಾರ. ಅದು ನಂದು, ಅದನ್ನ ನೀ ತಗೋಬ್ಯಾಡ.

#ಹುಕ್ಕೇರಿ #ಬೆಳಗಾವಿಇತಿಹಾಸ #ಕನ್ನಡಮೀಡಿಯಂ #ಬಿಕಾಂ